ನಿನ್ನ ಲ್ಯಾಪ್‌ಟಾಪಿಗೆ ನೆಟ್ ಬರವಲ್ದು

…ಇಲ್ಲ, ಇಲ್ಲ, ಇಲ್ಲ! ನೀ ಕೈ ಹಚ್ಚಬ್ಯಾಡ ಸುವರ್ಣಾ. ಅಲ್ಲೇ ಕುಂದ್ರು. ನಾ ನೋಡಾಕತ್ತೇನಲ್ಲ? ಗಂಡ ಅನ್ನಾಂವ ಮತ್ಯಾತಕ್ಕ ಇರ್ತಾನ? ಮುಂಜಾನಿ ಎಂಟಕ್ಕ ಕುಂತಾಂವ ಇನ್ನೂ ಎದ್ದಿಲ್ಲ, ಚಹಾ ಸುದ್ದಾ ಕುಡದಿಲ್ಲ… ಆ ಕಪ್ ಯಾಕ ನೋಡ್ತೀ? ಆತು, ಕುಡದೇನಿ. ಎರಡ ಸಲ ಕುಡದೇನಿ. ಮಾತು ಚಹಾದ್ದಲ್ಲ. ಮಾತೇನಂದ್ರ, ನಿನ್ನ ಲ್ಯಾಪ್‌ಟಾಪಿಗೆ ನೆಟ್ ಬರವಲ್ದು.

ಹನ್ನೊಂದಕ್ಕ ನಿನ್ನ ಇಂಟರ್‌ವ್ಯೂ ಇತ್ತು. ಈಗ ಹನ್ನೊಂದೂ ಮುಕ್ಕಾಲು. ಏನ್ ಮಾಡಾಕ ಬರ್ತೈತಿ? ಹೋದದ್ದು ಹೋತು. ಆದ್ರ ನಾ ಬಿಡಾಂವಲ್ಲ. ನಿನ್ನ ಸಲವಾಗಿ ಸಾಲಿಗೆ ರಜಾ ಹಾಕೇನಿ. ಹೆಡ್‌ಮಾಸ್ತರು ಕೇಳಿದ್ರು, ‘ಏನ್ರಿ ಕಲ್ಮೇಶ ಸರ್, ಏನ್ ಅರ್ಜೆಂಟು?’ ಅಂತ. ‘ಮನ್ಯಾಗ ನೆಟ್ ಕೆಟ್ಟೈತ್ರಿ, ಹೆಂಡ್ತಿ ಇಂಟರ್‌ವ್ಯೂ ಐತ್ರಿ’ ಅಂದ್ನಿ. ನಿನ್ನೆ ಸಂಜೀಕೇ ಹೇಳಿ ಇಟ್ಟಿದ್ನಿ…

ಯಾಕ? ಹಂಗ್ಯಾಕ ನೋಡಾಕತ್ತೀದಿ?

ನಿನ್ನೆ ಸಂಜೀಕ ನೆಟ್ ಛೊಲೊ ಇತ್ತು, ಹೌದು. ಅಲ್ಲ… ನಾ ಹೇಳಿದ್ದು ಇಂಟರ್‌ವ್ಯೂ ಐತಿ ಅಂತ. ಕೆಟ್ಟಿದ್ದು ಇವತ್ತ ಮುಂಜಾನಿ ಫೋನ್ ಮಾಡಿ ಹೇಳಿದ್ನಿ. ಎರಡು ಸಲ ಹೇಳಿದ್ನಿ. ನೀ ಸುಮ್ಮ ಕುಂತು ನನ್ನ ಮಾತಿಗೆ ಗಂಟು ಹಾಕಬ್ಯಾಡ. ಮುಂಜಾನಿಂದ ಒಂದು ಮಾತಾಡಿಲ್ಲ ನೀ. ಒಂದು! ಸಿಟ್ಟು ಬಂದಿದ್ರ ಬೈಯಿ. ನಾ ಬೈಸ್ಕೋತೇನಿ. ಆದ್ರ ನನ್ನ ಮ್ಯಾಲ ಯಾಕ ಸಿಟ್ಟು? ಲ್ಯಾಪ್‌ಟಾಪಿನ ಕಾರ್ಡಿನ ಮ್ಯಾಲ ಸಿಟ್ಟಾಗು.

ನಿನಗ ತಿಳೀಲಿ ಅಂತ ಹೇಳ್ತೇನಿ, ಕೇಳು. ಲ್ಯಾಪ್‌ಟಾಪಿನ ಹೊಟ್ಟ್ಯಾಗ ಒಂದು ಸಣ್ಣ ಕಾರ್ಡ್ ಇರ್ತೈತಿ. ನೆಟ್‌ವರ್ಕ್ ಕಾರ್ಡ್ ಅಂತಾರ. ಅಂಚಿ ಚೀಟಿಯಷ್ಟು ಇರ್ತೈತಿ ನೋಡು, ಇಷ್ಟ. ವೈಫೈ ಹಿಡಿಯೂದು ಅದ. ಗೊತ್ತೈತಿ ಅಂತ ಗೋಣು ಯಾಕ ಹಾಕ್ತೀ? ಗೊತ್ತಿರ್ತೈತಿ ನಿನಗ, ಡಿಪ್ಲೊಮಾ ಮಾಡಿದಾಕಿ. ಕಂಪ್ಯೂಟರ್ ಸೈನ್ಸಿನ್ಯಾಗ ಕಾಲೇಜಿಗೆ ಎರಡನೇದಾಕಿ, ನಾ ಎಲ್ಲಿ ಇಲ್ಲಂದೆ? ಆದ್ರ ಪುಸ್ತಕದಾಗ ಓದಿದ್ದಕ್ಕೂ ಕೈಲೆ ಮಾಡಿದ್ದಕ್ಕೂ ಫರಕ್ ಐತಿ. ಸಾಲ್ಯಾಗ ಹದಿನಾರು ಕಂಪ್ಯೂಟರ್ ನಾನ ನೋಡ್ಕೋತೇನಿ. ಮೂರು ನಡೀತಾವು. ಅದು ಬ್ಯಾರೆ ಕಥಿ, ಕರೆಂಟಿಂದು.

ಎಲ್ಲಾ ಈ ಲಿನಕ್ಸ್ ಸಾಫ್ಟ್‌ವೇರಿಂದು! ಅವತ್ತ ಬಡ್ಕೊಂಡ್ನಿ, ಎಲ್ಲಾರೂ ಹಾಕ್ಕೊಳ್ಳೂದು ಹಾಕ್ಕೋ, ನಮ್ಮ ಸಾಲ್ಯಾಗಿನಂಥಾದ್ದು, ಬಣ್ಣದ ಕಿಡಕಿ ಇರೂದು. ಕೇಳಿದಿ? ಇಲ್ಲ. ‘ಇದು ಹಗುರ ಐತಿ, ಹಳೇ ಲ್ಯಾಪ್‌ಟಾಪಿಗೆ ಛೊಲೊ’ ಅಂದಿ. ನೀನ ಇಳಿಸಿದಿ, ನೀನ ಹಾಕಿದಿ. ಕರೇ ಪರದಿ ಮ್ಯಾಲ ಬಿಳಿ ಅಕ್ಷರ ಬರಕೋತ ಕುಂತಿದ್ದಿ, ಮಾಟಾ ಮಾಡೋರಂಗ. ನಾಲ್ಕು ವರ್ಷ ಒಂದು ದಿನ ಕೆಡಲಿಲ್ಲ, ಒಪ್ತೇನಿ. ಇವತ್ತ ಕೆಡ್ತು. ಇವತ್ತ ಕೆಡಬೇಕಿತ್ತು ಅದಕ್ಕ!

ನೋಡು, ಮೊದಲ ಪಟ್ಟಿ ತಗದ್ನಿ. ಎಲ್‌ಎಸ್‌ಪಿಸಿಐ ಅಂತ ಹೊಡದ್ರ, ಒಳಗ ಏನೇನ್ ಸಾಮಾನ ಕೂಡ್ಸ್ಯಾರ ಅಂತ ಎಲ್ಲಾ ಬರಕೊಡ್ತೈತಿ. ಓದು. ಪರದಿ ಸಾಮಾನ ಐತಿ, ಸೌಂಡಿನ ಸಾಮಾನ ಐತಿ. ವೈಫೈ? ಹೆಸರೇ ಇಲ್ಲ! ಮನ್ಷಾ ಹೋದ ಮ್ಯಾಲ ರೇಶನ್ ಚೀಟ್ಯಾಗ ಹೆಸರು ಹೊಡದು ಹಾಕ್ತಾರಲ್ಲ, ಹಂಗ ಹೊಡದು ಹಾಕೈತಿ. ಕಾರ್ಡ್ ಸತ್ತೈತಿ ಅಂತ ಅದರ ಅರ್ಥ. ಸುಟ್ಟಿರಬೇಕು. ಈ ಬಿಸಿಲಿಗೆ ಮನಶ್ಯಾರು ಸುಡ್ತಾರ, ಅದರ ಪಾಡೇನು? ಮತ್ತ ಬ್ಲೂಟೂತ್ ಸುದ್ದಾ ಇಲ್ಲ. ಅದೂ ಇವತ್ತ ಹೋಗೈತಿ. ಎರಡೂ ಒಂದ ದಿನ, ಒಂದ ಹೊತ್ತಿನ್ಯಾಗ…

ಏನು, ಒಂದು ಬೆರಳು ಯಾಕ ತೋರಸ್ತೀ? ಒಂದ? ಎರಡೂ ಒಂದ ಕಾರ್ಡಿನ್ಯಾಗ ಇರ್ತಾವು?… ಇರ್ತಾವಾ? ಹಾಂ, ಇರ್ತಾವು! ಅದನ್ನ ನಾ ಹೇಳಾಕತ್ತಿದ್ದು. ಕಾರ್ಡ್ ಹೋತಂದ್ರ ಎರಡೂ ಹೋದೂವು. ನೀ ಹೇಳೂಮಟಾ ನನಗೇನ್ ತಿಳೀದಿಲ್ಲಂತ ಅಲ್ಲ.

ಮತ್ತ ಅದನ್ನ ತಂದಿ? ಆ ಕೇಬಲ್ ಹತ್ತು ಸಲ ನನ್ನ ಮುಂದ ಹಿಡದ್ರ ನಾ ಏನ್ ಮಾಡ್ಲಿ? ಗ್ವಾಡಿ ಮ್ಯಾಲಿನ ವೈಫೈ ಡಬ್ಬಿಯಿಂದ ಲ್ಯಾಪ್‌ಟಾಪಿಗೆ ಸೀದಾ ಹಚ್ಚಿದ್ರ ನೆಟ್ ಬರ್ತಿತ್ತು, ಖರೇ. ಆದ್ರ ಇಲಿ ಕಡದೈತಿ. ಇಲಿ! ಸಪಾಟ ಕಡದೈತಿ, ಹೌದು. ಕತ್ರಿ ಹಚ್ಚಿದಂಗ ಕಾಣ್ತೈತಿ, ಹೌದು. ನಮ್ಮ ಇಂಡಿ ಊರಾಗಿನ ಇಲಿ ನಿನಗ ಗೊತ್ತಿಲ್ಲ. ಮಾರ್ಕೆಟ್ಟಿನ್ಯಾಗ ದ್ರಾಕ್ಷಿ ತಿಂದು ತಿಂದು ಅವುಗಳ ಹಲ್ಲು… ಯಾಕ ನಗ್ತೀ? ನಗೂವಂಥದ್ದು ಏನೈತಿ ಇದರಾಗ?

ನನ್ನ ಮೊಬೈಲಿನ ನೆಟ್ ವಾಯರ್‌ಲೆ ಕೊಡಬಹುದಿತ್ತು, ಅದೂ ಗೊತ್ತೈತಿ. ನನ್ನ ವಾಯರ್ ಸ್ಟಾಫ್ ರೂಮಿನ್ಯಾಗ ಉಳದೈತಿ. ನಿಂದು ಗುಂಡಿ ಫೋನು, ನೆಟ್ ಇಲ್ಲ, ಅದರ ವಾಯರ್ ಬರೇ ಚಾರ್ಜ್ ಮಾಡ್ತೈತಿ. ಅದಕ್ಕಂತ ಹತ್ತಕ್ಕ ಗಾಡಿ ತಗೊಂಡು ಸ್ಟೇಷನ್ ರೋಡಿಗೆ ಹೋದ್ನಿಲ್ಲ? ಮುಕ್ಕಾಲು ತಾಸು ತಿರಗ್ಯಾಡಿದ್ನಿ. ಅಂಗಡಿ ಬಂದ್. ಎಲ್ಲಾ ಅಲ್ಲ… ನಾ ಹೋದ ಅಂಗಡಿ ಬಂದ್ ಇತ್ತು. ಬಾಜೂಕಿನ ಅಂಗಡಿ ತಗದಿತ್ತು, ಆದ್ರ ಅಂವಾ ನಮ್ಮ ಕಾಯಂ ಅಂಗಡಿಯಾಂವ ಅಲ್ಲ.

ಮತ್ತ ಒಂದು ಮಾತು ಹೇಳ್ಲಿ? ತಪ್ಪು ತಿಳಕೋಬ್ಯಾಡ. ನೌಕರೀನರ ಎಂಥಾದ್ದು ಅದು? ಲಿಂಬಿ ಬೆಳೆಗಾರರ ಸಂಘ. ತ್ವಾಟದಾಗ ಕಂಬಾ ನೆಟ್ಟು, ಕಂಬಕ್ಕ ಡಬ್ಬಿ ಕಟ್ಟಿ, ಬಿಸಲೆಷ್ಟು, ಗಾಳಿ ಎಷ್ಟು, ನೆಲದಾಗ ಹಸಿ ಎಷ್ಟು ಅಂತ ಅದು ನೆಟ್ಟಿನ್ಯಾಗ ಕಳಸೂದು. ಡಬ್ಬಿ ಸುಮ್ಮನಾತಂದ್ರ ನೀ ಹೋಗಿ ಮಾತಾಡಸ್ಬೇಕು. ಇವತ್ತ ಇಂಡಿ, ನಾಳಿ ಸಿಂದಗಿ, ನಾಡದ ಮುದ್ದೇಬಿಹಾಳ, ಅಲ್ಲಿಂದ ಬಸವನ ಬಾಗೇವಾಡಿ. ಅಗರಖೇಡಕ್ಕ ಟೆಂಪೋದಾಗ ಜ್ವಾಳದ ಚೀಲದ ಮ್ಯಾಲ ಕುಂತು ಹೋಗ್ತೀ? ಆಲಮೇಲದ ಬಸ್ಸಿನ್ಯಾಗ ಒಂದ ಕಾಲ ಮ್ಯಾಲ ನಿಂತು, ಲ್ಯಾಪ್‌ಟಾಪ್ ಎದಿಗೆ ಅವಚ್ಕೊಂಡು? ಕಂಬಾ ಏರ್ತೀ? ಸೀರಿ ಉಟ್ಟು?

ಏರ್ತೀ. ಗೊತ್ತೈತಿ. ನೀ ಏರಾಕೀನ. ನಮ್ಮ ಮ್ಯಾಲಿನ ನೀರಿನ ಟಾಕಿ ಸೋರಿದಾಗ ಯಾರು ಏರಿದ್ರು?… ಆತು ಬಿಡು.

ಎಲ್ಲಿಗೆ ಹೊಂಟಿ? ನಾ ಇನ್ನಾ ಮಾತಾಡಾಕತ್ತೇನಿ!… ಸುವರ್ಣಾ?… ಹಿತ್ತಲದಾಗೇನ್ ಮಾಡಾಕತ್ತೀದಿ?… ಹಾಂ, ಬಂದಿ. ಇದೇನು? ಅಂಗಿ. ನಂದ ಅಂಗಿ. ಮುಂಜಾನಿ ಬೆವತಿತ್ತು ಅಂತ ಬುಟ್ಟ್ಯಾಗ ಹಾಕಿದ್ನಿ. ಒಗ್ಯಾಕ ಹಾಕ್ತೀ? ಹಾಕು, ನನ್ನೇನ್ ಕೇಳ್ತೀ… ಕಿಸೆದಾಗ ಕೈ ಯಾಕ? ಕಿಸೆದಾಗ ಏನೂ ಇಲ್ಲ! ಒಂದು ಪೆನ್ನು… ಒಂದು ಪೆಪ್ಪರಮೆಂಟಿನ ಕಾಗದ… ಬಿಚ್ಚಬ್ಯಾಡ. ಹೊಲಸ ಐತಿ. ಏ, ಬಿಚ್ಚಬ್ಯಾಡಂದ್ನೆಲ್ಲ!

…

ಇದು… ಹಾಂ. ಇದು ಸಾಲೀದು. ಸಾಲಿ ಕಂಪ್ಯೂಟರಿಂದು. ರಿಪೇರಿಗಂತ ತಂದಿದ್ನಿ. ಹಿಂಗ ಇರ್ತಾವು ಎಲ್ಲಾ ಕಾರ್ಡ್, ಹಸರು ಬಣ್ಣ, ಒಂದ ಮಾರಿ.

ಲ್ಯಾಪ್‌ಟಾಪ್ ಯಾಕ ಮಕಾಡೆ ಹಾಕಿದಿ? ಕೆಳಗಿನ ಮುಚ್ಚಳಕ ಒಂದು ಸ್ಕ್ರೂ ಕಡಿಮಿ ಐತಿ, ಮೊದಲಿಂದ ಇಲ್ಲ ಅದು… ಈ ಸ್ಕ್ರೂ ಕಾಗದದಾಗ ಹೆಂಗ ಬಂತೋ ನಾ ಏನ್ ಹೇಳ್ಲಿ? ತಗದಿ. ಆತು. ತಗದಿ. ಖಾಲಿ ಐತಿ ಅಲ್ಲಿ. ಎರಡು ವಾಯರ್ ಜೋತಾಡಾಕತ್ತಾವು, ಒಂದು ಕರೇದು, ಒಂದು ಬಿಳೇದು.

ಸುವರ್ಣಾ, ಏನರ ಅನ್ನು.

ಬೈಯಿ. ನಿಮ್ಮ ಅಣ್ಣಗ ಫೋನ್ ಮಾಡು. ಲಟ್ಟಣಿಗಿ ತಗೋ.

ತಗದ್ನಿ. ನಾನ ತಗದ್ನಿ. ನೀ ನಳಕ್ಕ ಹೋದಿ ನೋಡು ಆರೂವರಿಗೆ, ಅವಾಗ. ನೀ ಬರೂ ಸಪ್ಪಳಾತು, ಅದಕ್ಕ ಒಂದು ಸ್ಕ್ರೂ ಹಚ್ಚೂದು ಉಳೀತು. ಕೇಬಲ್ಲೂ ನಾನ. ಇಲಿ ಅಲ್ಲ.

ಆದ್ರ ನಿನ್ನ ಸಲವಾಗಿ ಮಾಡೇನಿ! ಕೇಳು. ಬಿಸಲಾಗ ಸಾಯ್ತೀ. ಊರೂರು ತಿರಗೂದು, ಹೊತ್ತಿಗೆ ಊಟ ಇಲ್ಲ, ಡ್ರೈವರ್ ಕಂಡಕ್ಟರ್ ಕೂಡ ಜಗಳ. ಓಣ್ಯಾಗಿನ ಮಂದಿ, ‘ಕಲ್ಮೇಶ ಸರ್ ಹೆಂಡ್ತಿ ಕಂಬಾ ಏರ್ತಾಳಂತ’ ಅಂತಾರ. ಅನ್ಲಿ, ಮಂದಿ ಮಾತು ನಾ ಎಲ್ಲಿ ಕೇಳ್ತೇನಿ? ಆದ್ರ ನಿನಗ ತ್ರಾಸ ಆಗಬಾರದು ಅಂತ. ಅಷ್ಟ. ಬ್ಯಾರೆ ಏನೂ ಇಲ್ಲ. ಪ್ರೀತಿಲೆ ಮಾಡೇನಿ ಅಂತ ತಿಳ್ಕೋ.

ಸ್ಕ್ರೂ ಡ್ರೈವರ್ ನನಗ ಯಾಕ ಕೊಡ್ತೀ? ನಾನ ಹಾಕ್ಬೇಕಾ? ಹೂಂ… ಹಾಕ್ತೇನಿ. ಇನ್ನೇನ್ ಉಪಯೋಗ, ಹನ್ನೆರಡಾತು… ಕರೇ ವಾಯರ್ ಇಲ್ಲಿ. ಇಲ್ಲ? ಅಲ್ಲಿ? ಬಿಳೇದು ಇಲ್ಲಿ… ಕುಂದ್ರವಲ್ದು. ಒತ್ತಬೇಕಾ? ತಗಿಯೂ ಮುಂದ ಸಳ್ಳನ ಬಂತು, ಹಾಕೂ ಮುಂದ ನೋಡು ಇದರ ಸೊಕ್ಕು. ಹಾಂ, ಕುಂತಿತು. ಟಿಕ್ ಅಂತು. ಸ್ಕ್ರೂ… ಮುಚ್ಚಳ… ಆತು. ಚಾಲೂ ಮಾಡು.

ಬಂತು. ನೆಟ್ ಬಂತು. ನೋಡಿದ್ಯಾ, ಹೇಳಿದ್ನೆಲ್ಲ, ರಿಪೇರಿ ಮಾಡೇ ಏಳ್ತೇನಿ ಅಂತ… ತಪ್ಪಾತು. ನಗಿಸಾಕ ಅಂದ್ನಿ.

ಏನೋ ಬಂದೈತಿ ಅಲ್ಲಿ. ಸಂಘದಾರ ಪತ್ರ. ‘ನಿಮ್ಮ ಸಂದೇಶ ತಲುಪಿತು. ನಿಮ್ಮ ಸಂದರ್ಶನವನ್ನು ಹನ್ನೆರಡೂವರೆಗೆ ಇಟ್ಟುಕೊಂಡಿದ್ದೇವೆ.’ ಹನ್ನೆರಡೂವರಿ? ಇವತ್ತ? ನೀ ಸಂದೇಶ ಯಾವಾಗ ಕಳಿಸಿದಿ? ಹೆಂಗ ಕಳಿಸಿದಿ? ಕೆಳಗ ಐತಿ, ತಡಿ, ಓದ್ತೇನಿ… ‘ನೆರೆಮನೆಯ ಗುಲನಾಜ ಅವರ ಫೋನಿನಿಂದ ಬರೆಯುತ್ತಿದ್ದೇನೆ. ನನ್ನ ಲ್ಯಾಪ್‌ಟಾಪಿನ ನೆಟ್‌ವರ್ಕ್ ಕಾರ್ಡ್ ಸದ್ಯ ತನ್ನ ಜಾಗದಲ್ಲಿ ಇಲ್ಲ. ಹನ್ನೆರಡು ಗಂಟೆಯೊಳಗೆ ಸಿಗುತ್ತದೆ.’

ಹತ್ತೂ ಕಾಲಿಗೆ ಕಳಿಸೀದಿ. ನಾ ಸ್ಟೇಷನ್ ರೋಡಿನ್ಯಾಗ ಇದ್ನಿ ಅವಾಗ, ಬಂದ್ ಅಂಗಡಿ ಮುಂದ.

ಅಂದ್ರ ನಿನಗ ಗೊತ್ತಿತ್ತು. ಅಂದ್ರ ಇಷ್ಟೊತ್ತೂ… ಪಟ್ಟಿ ಓದಿದ್ನಿ ನಾ, ರೇಶನ್ ಚೀಟಿ ಅಂದ್ನಿ, ಇಲಿ ಅಂದ್ನಿ… ಎಲ್ಲಾ ಕೇಳ್ಕೋತ ಕುಂತಿದ್ದಿ. ಯಪ್ಪಾ. ನಡುವ ಒಂದು ಮಾತು ಅಂದಿದ್ರ ನಾ ಅಲ್ಲೇ ಬಿಡ್ತಿದ್ನಿ. ಅನಬೇಕಿಲ್ಲ?

ಇರ್ಲಿ. ಛೊಲೊ ಆತು. ಖರೇನ ಹೇಳ್ತೇನಿ, ಎದಿ ಮ್ಯಾಲಿನ ಭಾರ ಇಳದಂಗ ಆತು. ಇನ್ನ ಹತ್ತು ನಿಮಿಷ ಐತಿ. ಕುಂದ್ರು, ಕುಂದ್ರು ಸರಿಯಾಗಿ. ಕಿಡಕಿ ಕಡೆ ಮಾರಿ ಮಾಡು, ಬೆಳಕು ಬೀಳ್ಲಿ. ನೀರು ಇಲ್ಲೇ ಇಡ್ತೇನಿ. ಅಂಜಬ್ಯಾಡ. ಇಬ್ಬರು ಇರ್ತಾರ. ಗಂಡಸು ಸುಮ್ಮ ಇರ್ತಾನ, ಬರಕೋತಾನ ಅಷ್ಟ. ಆ ಹೆಣ್ಮಗಳು ಅದಾಳಲ್ಲ, ಚಷ್ಮಾ ಹಾಕ್ಕೊಂಡಾಕಿ, ಅಕಿ ನಕ್ಕೋತ ಕೇಳ್ತಾಳ. ನಗಿ ನೋಡಿ ಮೋಸ ಹೋಗಬ್ಯಾಡ. ಮೊದಲನೇ ಪ್ರಶ್ನೀನ ಹಂಗ ಹಾಕ್ತಾಳ, ‘ನೀವ ನಿಮ್ಮ ಕೈಲೆ ಬಿಡಿಸಿದ ಒಂದು ನೆಟ್‌ವರ್ಕ್ ಸಮಸ್ಯಾ ಹೇಳ್ರಿ’ ಅಂತ. ಅಲ್ಲಿ ಸುಳ್ಳು ಹೇಳಿದಿ, ಮುಗೀತು. ‘ಮತ್ತ ಆಮ್ಯಾಲ? ಅದಕ್ಕಿಂತ ಮೊದಲ ಏನ್ ನೋಡಿದ್ರಿ? ಯಾಕ?’ ಅಂತ ಒಳಗ ಒಳಗ ಹೋಕ್ಕಾಳ. ಬಾಯಿ ಒಣಗಿ…

ಯಾಕ? ಕೈ ಯಾಕ ನಿಂತಿತು ನಿಂದು?

ನನಗ ಹೆಂಗ ಗೊತ್ತು?… ಯಾರೋ ಅಂದ್ರು. ಸ್ಟಾಫ್ ರೂಮಿನ್ಯಾಗ ಹಿಂಗ ಮಾತು ಬಂತು. ಯಾರಂದ್ರ… ಯಾರೋ. ಚಷ್ಮಾ? ಚಷ್ಮಾ ಎಲ್ಲಾರೂ ಹಾಕ್ಕೋತಾರ ಬಿಡು.

…

ಸುವರ್ಣಾ, ಹಂಗ ನೋಡಬ್ಯಾಡ.

…

ಹೋದ ಸೋಮವಾರ ನಂದೂ ಇಂಟರ್‌ವ್ಯೂ ಆತು, ಇದ ನೌಕರೀದು. ಸಾಲಿ ಲ್ಯಾಬಿನ್ಯಾಗ, ಬಾಗಲಾ ಹಾಕ್ಕೊಂಡು. ಅರ್ಜಿ ನಾ ಹಾಕೂ ಮುಂದ ನೀನೂ ಹಾಕೀದಿ ಅಂತ ಗೊತ್ತಿರ್ಲಿಲ್ಲ, ನಿನ್ನಾಣಿ. ಆದ ಮ್ಯಾಲ ಹೇಳೂಣು, ಚಕಿತ ಆಗ್ತಾಳ ಅಂತ ಇದ್ನಿ. ಏಳು ನಿಮಿಷ ಮಾತಾಡಿಸಿದ್ರು. ಏಳು. ನಾಕು ನಿಮಿಷ ಆ ಒಂದು ಪ್ರಶ್ನಿಗೇ ಹೋತು. ಕಡೀಕ ಅಕಿ, ‘ಇರ್ಲಿ ಬಿಡ್ರಿ ಸರ್’ ಅಂದ್ಲು. ಸಂಜೀಮುಂದ ಮನೀಗೆ ಬಂದ್ನಿ. ನೀ ಲ್ಯಾಪ್‌ಟಾಪ್ ತಿರಗಿಸಿ ತೋರಿಸಿದಿ, ‘ನನ್ನ ಕರದಾರ ನೋಡ್ರಿ’ ಅಂತ. ನಾ ‘ಭಾಳ ಛೊಲೊ’ ಅಂದ್ನಿ. ಅಂದ್ನಿಲ್ಲ? ಪೇಡೆ ಸುದ್ದಾ ತಂದ್ನಿ.

ಅಗೋ, ಕರಿಯಾಕತ್ತಾರ. ಪರದಿ ಮ್ಯಾಲ ಬಂತು ನೋಡು. ಎತ್ತು, ಎತ್ತು. ನಾ ಅಡಗಿ ಮನ್ಯಾಗ ಇರ್ತೇನಿ, ಭಾಂಡಿ ಸಪ್ಪಳ ಮಾಡೂದಿಲ್ಲ.

ಆ ಪ್ರಶ್ನಿ ಕೇಳೇ ಕೇಳ್ತಾಳ ಅಕಿ. ನಿನ್ನ ಹಂತ್ಯಾಕ ಉತ್ತರ ಐತಿ ಈಗ. ಎಲ್ಲಾ ಹೇಳು. ಪಟ್ಟಿ ನೋಡಿದ್ದು, ಬ್ಲೂಟೂತ್ ಇಲ್ಲದ್ದು, ಕಾರ್ಡ್ ಜಾಗಾ ಖಾಲಿ ಇದ್ದದ್ದು… ಯಾರ ಕಿಸೆದಾಗ ಸಿಕ್ತು ಅನ್ನೂದೊಂದು…

ಅದನ್ನೂ ಹೇಳ್ತೀ?

…

ಹೂಂ, ಹೇಳು. ಬಾಗಲಾ ಎಳಕೊಂಡು ಹೋಗ್ತೇನಿ.