ಹೂ ಬಿಡದ ತಿಂಗಳುಗಳು

ದೀಪಾವಳಿ ಮುಗಿದು ಇನ್ನೂ ತಿಂಗಳಾಗಿಲ್ಲ. ಇವತ್ತು ಬೆಳಿಗ್ಗೆ ನಮ್ಮ ಮಠದ ಹಿಂಬಾಗಿಲಲ್ಲಿ ಹದಿನೇಳು ಸೇವಂತಿಗೆ ಕುಂಡಗಳು ಬಿದ್ದಿದ್ದವು. ಹೂ ಬಾಡಿದೆ, ಗಿಡ ಬದುಕಿದೆ. ಯಾರು ಎಸೆದರೆಂದು ಕೇಳುವುದಿಲ್ಲ. ಅವರು ಇಲ್ಲೇ ಕೂತಿದ್ದಾರೆ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಎಷ್ಟು ಸಲ ಹೇಳಬೇಕು ನಿಮಗೆ? ಹೇಳಿ ಹೇಳಿ ಸಾಕಾಗಿದೆ. ಒಂದು ಕಥೆಯನ್ನಾದರೂ ಕೇಳಿ.

ಒಂದು ಊರು. ಆ ಊರಿಗೆಲ್ಲ ಶ್ರೀಮಂತನೆಂದರೆ ಒಣಮೆಣಸಿನಕಾಯಿ ವ್ಯಾಪಾರದ ಚನ್ನವೀರಪ್ಪ. ಅವನ ಹೆಂಡತಿ ಗುರುಬಸವ್ವ ಮೆಟ್ಟಿಲಲ್ಲಿ ಜಾರಿ, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಮತ್ತೆ ನಡೆದಾಳೆಂಬ ಭರವಸೆಯನ್ನು ವೈದ್ಯರು ಕೊಡಲಿಲ್ಲ. ಆಕೆ ಗಂಡನನ್ನು ಕೇಳಿದ್ದು ಇಷ್ಟೇ: ಕಿಟಕಿಯಾಚೆ ದಿನಾ ಒಂದು ಬಣ್ಣ ಕಾಣಬೇಕು, ದೇವರಿಗೆ ಏರಿಸಲು ದಿನಾ ಒಂದು ಹೂ ಕೈಗೆ ಸಿಗಬೇಕು. ದೊಡ್ಡ ಬೇಡಿಕೆಯೇ ಇದು? ಅಲ್ಲವಲ್ಲ.

ತೋಟ ಮಾಡಲು ಫಕೀರವ್ವ ಎಂಬವಳನ್ನು ಕರೆಸಿದರು. ನಲವತ್ತು ವರ್ಷ ಮಣ್ಣಿನಲ್ಲೇ ಕೈಯಾಡಿಸಿದವಳು, ಯಾವ ಗಿಡ ಯಾವ ಮಾಸದಲ್ಲಿ ಕಣ್ಣು ಬಿಡುತ್ತದೆಂದು ಪಂಚಾಂಗದಂತೆ ಬಲ್ಲವಳು. ಚೈತ್ರ ಮಾಸ. ಸಾಹುಕಾರ ಅವಳನ್ನೂ ಕರೆದುಕೊಂಡು ನರ್ಸರಿಗೆ ಹೋದ. ಮಲ್ಲಿಗೆ ಘಮಘಮಿಸುತ್ತಿತ್ತು, ಕಾಗದದ ಹೂವಿನ ಬಳ್ಳಿ ಕೆಂಪಗೆ ಉರಿಯುತ್ತಿತ್ತು. ಅದು ಕೊಡು, ಇದು ಕೊಡು ಎಂದು ಬೆರಳು ತೋರಿಸುತ್ತ ಹೋದ. ಪಕ್ಕದಲ್ಲಿ ಬರೀ ಎಲೆ ಹೊತ್ತು ನಿಂತ ಪಾರಿಜಾತವಿತ್ತು, ಮಳೆ ಮುಗಿಯುವಾಗ ಅರಳುವುದು. ಗೋರಂಟಿಯಿತ್ತು, ಚಳಿಗೆ ಅರಳುವುದು. ಇವನ್ನೂ ತಗೊಳ್ಳಿ ಎಂದಳು ಫಕೀರವ್ವ.

"ಹೂವ ಇಲ್ಲದ ಗಿಡ ತಗೊಂಡು ಏನ್ ಮಾಡ್ಲಿ? ಪಲ್ಯ ಮಾಡ್ಲಿ?" ಎಂದ ಸಾಹುಕಾರ. ನರ್ಸರಿಯವನು ನಕ್ಕ. ಫಕೀರವ್ವ ನಗಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಮಲ್ಲಿಗೆ ನಿಂತಿತು. ನಿಲ್ಲದೆ ಇನ್ನೇನು? ಅದರ ಕಾಲ ಮುಗಿದಿತ್ತು. ಸಾಹುಕಾರ ಎಲ್ಲ ಕಿತ್ತು ಹಾಕೆಂದ. ಬೇರಿನಲ್ಲಿ ಜೀವ ಇದೆ, ಬರುವ ಚೈತ್ರಕ್ಕೆ ಮತ್ತೆ ಬಿಡುತ್ತದೆ ಎಂದು ಫಕೀರವ್ವ ಬಾಯಿ ನೋಯುವಷ್ಟು ಹೇಳಿದಳು. ಕೇಳಿದನೇ? ಶ್ರಾವಣದಲ್ಲಿ ನರ್ಸರಿಗೆ ಹೋಗಿ, ಆಗ ಅರಳಿದ್ದ ಸುಗಂಧರಾಜ ತಂದ. ಅದು ಮುಗಿಯಿತು, ಕೀಳಿಸಿದ. ದೀಪಾವಳಿಗೆ ಸೇವಂತಿಗೆ ತಂದ. ಪುಷ್ಯದಲ್ಲಿ ಅದೂ ಬಾಡಿತು, ಅದನ್ನೂ ಕೀಳಿಸಿದ. ನೋಡಿ, ಒಂದು ವರ್ಷ, ಮೂರು ತೋಟ. ಗುರುಬಸವ್ವನ ಕಿಟಕಿಗೆ ಕಂಡದ್ದು ಏನು? ಅರ್ಧ ವರ್ಷ ಬರೀ ಅಗೆದ ಮಣ್ಣು.

ಫಕೀರವ್ವನ ಸೊಂಟವೂ ಸೋತಿತ್ತು, ಸಹನೆಯೂ ಸೋತಿತ್ತು. ಅಗೆದದ್ದೇ ಅಗೆಯುವುದು, ಹೇಳಿದ್ದೇ ಹೇಳುವುದು. ಕಿತ್ತ ಗಿಡಗಳನ್ನು ತಿಪ್ಪೆಗೆ ಹಾಕಲು ಮನಸ್ಸು ಬಾರದೆ ಬುಟ್ಟಿಯಲ್ಲಿ ಹೊತ್ತೊಯ್ದು ತನ್ನ ಹಿತ್ತಲಲ್ಲಿ ನೆಡುತ್ತಿದ್ದಳು. ಮತ್ತೆ ಚೈತ್ರ ಬಂತು. ಕುಣಿ ತೋಡು, ಮಲ್ಲಿಗೆ ತರುತ್ತೇನೆ ಎಂದ ಸಾಹುಕಾರ. ಹೌದು, ಹೋದ ವರ್ಷ ಕೀಳಿಸಿದ ಅದೇ ಮಲ್ಲಿಗೆ!

ಅವಳು ಗುದ್ದಲಿಯನ್ನು ಕಿಟಕಿಯ ಗೋಡೆಗೆ ಒರಗಿಸಿದಳು.

"ನೀವು ಕೀಳಿಸಿದ ಮಲ್ಲಿಗಿ ನನ್ನ ಹಿತ್ತಲದಾಗ ಮೊಗ್ಗು ತುಂಬಿ ನಿಂತೈತ್ರೀ. ನಾ ಗಿಡ ಸಾಕಾಕಿ, ಕುಣಿ ತೋಡಾಕಿ ಅಲ್ಲ. ಬ್ಯಾರೆಯವ್ರನ್ನ ನೋಡ್ಕೋರಿ."

ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತು. ಹೂ ಬಿಡದ್ದನ್ನು ಇಟ್ಟುಕೊಂಡು ಯಾರಿಗೆ ಏನು ಲಾಭ ಎಂದು ಕೂಗಾಡಿದ. ಆಗ ಒಳಗಿನಿಂದ ಗುರುಬಸವ್ವನ ದನಿ ಬಂತು. ಜೋರಾಗಿ ಅಲ್ಲ, ಮೆಲ್ಲಗೆ.

"ನಾನೂ ವರ್ಷದಿಂದ ಹಿಂಗ ಬಿದ್ದೀನಿ. ನನ್ನಿಂದ ಈ ಮನಿಗೆ ಏನೂ ಇಲ್ಲ. ನನ್ನನ್ನ ಯಾವಾಗ ಕೀಳಸ್ತೀರಿ?"

ಸಾಹುಕಾರ ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ತಾನೇ ಎತ್ತಿ ಫಕೀರವ್ವನ ಕೈಗೆ ಕೊಟ್ಟ. ನಿನಗೆ ತಿಳಿದಂತೆ ಮಾಡು, ಇನ್ನು ನಾನು ಬಾಯಿ ಹಾಕುವುದಿಲ್ಲ ಎಂದ.

ಮೊದಲ ಮಳೆಗೆ ಅವಳು ಹಿತ್ತಲಿನ ಗಿಡಗಳನ್ನೆಲ್ಲ ವಾಪಸು ತಂದಳು. ಬೇಸಿಗೆಗೆ ಮಲ್ಲಿಗೆ, ಮಳೆಗೆ ಸುಗಂಧರಾಜ, ಕಾರ್ತಿಕಕ್ಕೆ ಸೇವಂತಿಗೆ. ನಡುವಿನ ತಿಂಗಳುಗಳಿಗೆ ನರ್ಸರಿಯಿಂದ ಪಾರಿಜಾತ, ಗೋರಂಟಿ ತರಿಸಿದಳು. ಯಾವುದೂ ಇಲ್ಲದ ದಿನ ಇರಲೆಂದು ದಾಸವಾಳ, ಕನಕಾಂಬರ. ಆ ವರ್ಷ ಎಲೆಯೇ ಹೆಚ್ಚು, ಹೂ ಅಲ್ಲೊಂದು ಇಲ್ಲೊಂದು. ಸಾಹುಕಾರ ಒಳಗೊಳಗೇ ಚಡಪಡಿಸಿದ, ಆದರೆ ಮಾತು ಉಳಿಸಿಕೊಂಡ. ಮರುವರ್ಷ ಯುಗಾದಿಯಿಂದ ಯುಗಾದಿಯವರೆಗೆ ಗುರುಬಸವ್ವನ ಕೈಗೆ ಹೂ ಬಾರದ ದಿನವೇ ಇರಲಿಲ್ಲ. ಅವಳು ಮತ್ತೆ ನಡೆಯಲಿಲ್ಲ, ಸುಳ್ಳು ಏಕೆ ಹೇಳಲಿ? ಆದರೆ ದಿಂಬಿಗೆ ಒರಗಿ ಕೂರುವಂತಾದಳು. ಗಂಡ ಬೆಳಿಗ್ಗೆ ಅವಳ ಪಕ್ಕ ಕೂತು, ಈಗ ಯಾವುದು ಸುಮ್ಮನಿದೆ, ಯಾವುದು ಮೊಗ್ಗು ಹಿಡಿದಿದೆ ಎಂದು ಕಿಟಕಿಯಿಂದಲೇ ಹೇಳುತ್ತಿದ್ದ. ಬರೀ ಎಲೆ ನೋಡಿ ಗಿಡದ ಹೆಸರು ಹೇಳುವಷ್ಟು ಕಲಿತಿದ್ದ.

ಸಾಹುಕಾರನ ದಡ್ಡತನಕ್ಕೆ ತಲೆಯಾಡಿಸಿದಿರಿ, ನೋಡಿದೆ. ನೀವೇನು ಕಡಿಮೆ? ಹತ್ತನೇ ತರಗತಿಯಲ್ಲಿ ಫೇಲಾದ ಮಗನ ಹತ್ತಿರ ಎಷ್ಟು ದಿನದಿಂದ ನೆಟ್ಟಗೆ ಮಾತಾಡಿಲ್ಲ? ಅಂಗಡಿ ಮುಚ್ಚಿ ಕೂತ ತಮ್ಮನನ್ನು ಹಬ್ಬದೂಟಕ್ಕೆ ಕರೆದಿರಾ? ಮೊಣಕಾಲು ನೋವಿನ ಅತ್ತೆಯನ್ನು ಒಂದು ದಿನವಾದರೂ ಹೇಗಿದ್ದೀರಿ ಎಂದು ಕೇಳಿದಿರಾ? ಅವರ ಕಾಲ ಇನ್ನೂ ಬಂದಿಲ್ಲ, ಅಥವಾ ಬಂದು ಹೋಗಿದೆ. ಅಷ್ಟಕ್ಕೇ ಕಿತ್ತು ಹಾಕುವುದೇ?

ಇಂದಿನಿಂದ "ಪಕ್ಕದ ಮನೆಯವರನ್ನು ನೋಡು" ಎಂಬ ಮಾತು ನಿಮ್ಮ ಮನೆಯಲ್ಲಿ ನಿಲ್ಲಬೇಕು. ಇವತ್ತು ಊಟಕ್ಕೆ ಕೂತಾಗ ಮೊದಲು ಬಡಿಸುವುದು ಆ ಮಗನ, ಆ ತಮ್ಮನ, ಆ ಅತ್ತೆಯ ತಟ್ಟೆಗೆ. ಬಡಿಸಿ ಪಕ್ಕದಲ್ಲಿ ಕೂತು ಊಟ ಮಾಡಿ. ಬುದ್ಧಿ ಹೇಳಲು ಹೋಗಬೇಡಿ. ಅದಕ್ಕೆ ನಾನಿದ್ದೇನೆ.