ಚರ್ಚ್ ಬಯಲಿನಲ್ಲಿ ಗೋವಿಂದ

ಎಂಬತ್ತೇಳನೇ ಇಸವಿಯ ಒಂದು ಭಾನುವಾರದ ಸಂಜೆ. ಚಿನ್ನದ ಗಣಿ ಊರಿನ ಕೋರಮಂಡಲ್ ಚರ್ಚಿನ ಬಯಲಿನಲ್ಲಿ ಗಿಟಾರು, ಡ್ರಮ್ಸು ಇಟ್ಟುಕೊಂಡು ಹುಡುಗ ಹುಡುಗಿಯರು ಹಾಡಿದ ಯೇಸುವಿನ ಹೊಸ ಹಾಡುಗಳನ್ನು ಕೇಳಿ, ತುಂಬಿದ ಮನಸ್ಸಿನಿಂದ ಬಸ್ಸಿಗೆ ನಿಂತಿದ್ದೆ. ನನ್ನ ಮುಂದೆ ಕ್ಯಾಸಂಬಳ್ಳಿ ಕಡೆಯ ಹಾಲಿನ ಅಶ್ವತ್ಥಪ್ಪ, ಅವನ ಹೆಂಡತಿ ಸೊಣ್ಣಮ್ಮ.

“ನಾಳೆಯಿಂದ ಸೆಲಿನ್ ಮನೆಗೆ ಆಲು ನೀನೇ ಆಕಿ ಬಾ. ನಾನೋಗಲ್ಲ,” ಅಂದ ಅಶ್ವತ್ಥಪ್ಪ.

“ಯಾಕೆ? ಆ ಪುಟ್ಟ ಸೆಲಿನ್ ಎಷ್ಟು ಚಂದಾಗಿ ಪದ ಏಳ್ತು.”

“ಅದಕ್ಕೇ ಕಣೇ. ಪದ ಮುಗೀತಿದ್ದಂಗೇ, ನಮ್ಮ ಭಜನೆ ಮನೇಲಿ ಅನ್ನೋ ಅಂಗೆ ‘ಗೋವಿಂದಾ ಗೋವಿಂದ’ ಅಂದ್ಬಿಟ್ನಲ್ಲ ನಾನು. ಇಡೀ ಬಯಲೇ ತಿರುಗಿ ನೋಡ್ತು.”

“ನೋಡ್ದೇ ಇರ್ತಾರಾ? ಎಮ್ಮೆ ಕರೆಯೋ ಗಂಟಲು ನಿಂದು.”

“ಆ ಮಗ ಜನದ ಮುಂದೆ ನಿಂತಿದ್ದೇ ಇವತ್ತು ಮೊದಲು. ನಾನು ಕೆಡಿಸ್ದೆ.”

“ಫಾದರ್ ನಗ್ತಾ ನಿನ್ನ ಕಡೆಗೆ ಕೈ ಮುಗಿದ್ರು. ನಾನೇ ಕಂಡೆ.”

“ಅದು ಅವರ ದೊಡ್ಡತನ. ಅದಕ್ಕೇ ಸೆಲಿನ್ ಎರಡ್ನೇ ಪದ ಏಳ್ದಾಗ ತುಟಿ ಕಚ್ಕೊಂಡು ಕೂತಿದ್ದೆ.”

“ಅದನ್ನೇ ಕೇಳ್ತು, ಬರೋವಾಗ.”

“ಯಾರು?”

“ಸೆಲಿನ್. ‘ಅಜ್ಜಿ, ಎರಡ್ನೇದು ತಾತಂಗೆ ಇಡಿಸ್ಲಿಲ್ವಾ? ಸುಮ್ಮನೇ ಇದ್ಬಿಟ್ರು’ ಅಂತ. ಮಕ ಸಣ್ಣಗೆ ಮಾಡ್ಕೊಂಡಿತ್ತು.”

ಅಶ್ವತ್ಥಪ್ಪ ಟವಲ್ಲಿನಿಂದ ಮುಖ ಒರೆಸಿಕೊಂಡ. ಬಸ್ಸು ಬಂತು.

“ನಾಳೆ ನಾನೇ ಓಗ್ತೀನಿ ಬಿಡು,” ಅಂದ. “ಬಾಗಿಲಲ್ಲೇ ಕೂತು, ಎರಡ್ನೇ ಪದ ಇನ್ನೊಂದು ಸಲ ಏಳಿಸ್ತೀನಿ.”

ಸೊಣ್ಣಮ್ಮ ಅವನನ್ನು ಮುಂದೆ ಹತ್ತಿಸಿ, ತಾನು ಹಿಂದೆ ಹತ್ತಿದಳು.