ಅಪ್ಪ ಎಂಗಿದ್ದ ಅಂತ ಏಳಕ್ಕೆ ಬಂದ ಮನ್ಸ

…ಅಲ್ಲ ಕಣ್ಲಾ, ಟೆಲಿಗ್ರಾಂ ಬಂದಾಗ ನಾನು ಅಳ್ಲೇ ಇಲ್ಲ. ನಂಗೆಲ್ಲಿ ಗೊತ್ತಾಗ್ಬೇಕು, ಆರು ವರ್ಷನೋ ಏಳು ವರ್ಷನೋ ನಂಗಾಗ. ಪಾಕಿಸ್ತಾನದ ಮೇಲೆ ಯುದ್ಧ ನಡೀತಿತ್ತು, ಅಪ್ಪ ಮಿಲಿಟ್ರೀಲಿದ್ರು, ಅಲ್ಲೇ ಬಾರ್ಡರ್‌ನಾಗೆ ತೀರ್ಕಂಡ್ರು. ನನ್ ತಮ್ಮ ಮಂಜ, ನೀವು ಮಂಜಣ್ಣ ತಾತ ಅಂತೀರಲ್ಲ, ಅವ್ನು ಅಮ್ಮನ ಒಟ್ಟೇಲಿದ್ದಾಗ ಅಪ್ಪ ರಜ ಮುಗಿಸ್ಕಂಡು ಓಗಿದ್ದು. ಮಗನ ಮುಖ ನೋಡ್ಲೇ ಇಲ್ಲ. ಅಮ್ಮ ಅತ್ತು ಅತ್ತು ಸುಮ್ನಾದ್ಲು, ಆದ್ರೆ ನಮ್ ತಾತ, ಅಂದ್ರೆ ಅಪ್ಪನ ಅಪ್ಪ, ಆಯಪ್ಪ ಅಳ್ಲಿಲ್ಲ. ಗೋಡೆ ಮೇಲಿದ್ದ ಅಪ್ಪನ ಪೋಟೋ ಇಳಿಸಿ ಬಟ್ಟೆ ಸುತ್ತಿ ಪೆಟ್ಟಿಗೇಲಿಟ್ಟು, 'ಇನ್ಮೇಲೆ ಈ ಮನೇಲಿ ಕೃಷ್ಣಪ್ಪನ ಎಸ್ರು ಯಾರೂ ಎತ್ತಂಗಿಲ್ಲ, ನನ್ ಕೈಲಿ ಕೇಳಕ್ಕಾಗಲ್ಲ' ಅಂದ್ಬಿಟ್ರು. ಕೋಪ ಅಲ್ಲ ಅದು, ಸಂಕಟ. ಆದ್ರೆ ಮಕ್ಳಿಗೆ ಅದೆಂಗೆ ತಿಳೀತೈತೆ ಏಳು. ನಾವು ಏನೋ ತಪ್ಪು ಮಾಡಿದೀವಿ ಅಂದ್ಕಂಡು ಬಾಯಿ ಮುಚ್ಕಂಡು ಬೆಳೆದ್ವಿ.

ಕಷ್ಟ ಅಂದ್ರೆ ಅಂಗಿಂಗಲ್ಲ. ಉಳೋ ಕೈ ಇಲ್ಲ, ತಾತನಿಗೆ ಮೈಯಾಗೆ ಶಕ್ತಿ ಇಲ್ಲ. ಅಮ್ಮ ಎರಡು ಅಸ ಕಟ್ಕಂಡು ಆಲು ಕರೀತಿದ್ಲು, ಅವರೆಕಾಯಿ ಕಾಲ ಬಂದ್ರೆ ಮೂಟೆ ಒತ್ಕಂಡು ರೈಲತ್ತಿ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಓಗ್ತಿದ್ಲು. ನಾನು ಮಂಜನ್ನ ಸೊಂಟದ ಮೇಲಾಕ್ಕಂಡು ಅಸ ಕಾಯೋದು, ಗಂಜಿ ಕಾಯ್ಸೋದು. ಅದೇನ್ ಬುಡು, ಎಲ್ಲಾರ ಮನೇಲೂ ಅದೇ ಆಗ. ನಂಗೆ ನಿಜವಾಗ್ಲೂ ಕಷ್ಟ ಆಗಿದ್ದು ಯಾವ್ದು ಗೊತ್ತಾ? ಅಪ್ಪನ ಮುಖ ಮರ್ತೋಗ್ತಾ ಬಂತು. ಒಂದಿನ ಕಣ್ಮುಚ್ಚಿ ನೆನೆಸ್ಕಂಡ್ರೆ ಬರೀ ಕಾಕಿ ಬಟ್ಟೆ ಕಾಣ್ತೈತೆ, ಮುಖ ಇಲ್ಲ. ಎದ್ರಿಕೆ ಆಗೋಯ್ತು ನಂಗೆ. ಮಂಜ ಸ್ಕೂಲಿಗೆ ಸೇರಿದ್ ವರ್ಷ ಉಣ್ಣಕ್ಕೆ ಕೂತಾಗ ಕೇಳ್ಬಿಟ್ಟ, 'ಅಮ್ಮಾ, ಅಪ್ಪ ಅಂದ್ರೆ ಎಂಗಿದ್ರು?' ತಾತ ತಟ್ಟೆ ಬಿಟ್ಟು ಎದ್ದೋದ್ರು. ಅಮ್ಮ ಅವ್ನ ತಲೆ ಸವರಿ, 'ಉಣ್ಣು ಕಂದ' ಅಂದ್ಲು, ಅಷ್ಟೇ.

ಅದಾದ್ಮೇಲೆ, ಅದೇ ಅವರೆಕಾಯಿ ಕಾಲ್ದಾಗೆ, ಇಲ್ಲ ಇಲ್ಲ, ಕಾಲ ಮುಗಿಯೋ ಒತ್ತು, ಸಂಕ್ರಾಂತಿ ಆಗೋಗಿತ್ತು, ಮಾರ್ಕೆಟ್ಟಲ್ಲಿ ಒಬ್ಬ ಕುಂಟ್ಕಂಡು ಬಂದು ಕಾಯಿ ಆರಿಸ್ತಾ 'ಯಾವೂರಮ್ಮಾ ಇದು' ಅಂದ. ಅಮ್ಮ ಊರೇಳಿದ್ಲು. ಆಯಪ್ಪ ಕಾಯಿ ಕೈಲಿ ಇಡ್ಕಂಡು ಅಂಗೇ ನಿಂತ್ಬಿಟ್ಟ. 'ಕೃಷ್ಣಪ್ಪ ಅಂತ, ಮಿಲಿಟ್ರೀಲಿ…' ಅಮ್ಮ ತಲೆ ಎತ್ತಿ ನೋಡಿದ್ಲು. 'ನಾನು ಅವ್ರ ಎಂಡ್ತಿ' ಅಂದ್ಲು. ಸೆಲ್ವರಾಜು ಅಂತ ಆಯಪ್ಪನ ಎಸ್ರು. ತಮಿಳು ಮಾತಿನೋನು, ಉರಿಗಾಂನಾಗೆ ಚಿನ್ನದ ಗಣಿ ಕೆಲಸದೋರ ಲೈನ್ ಮನೇಲಿರೋದು, ಅಪ್ಪನ ಜೊತೇಲೇ ಇದ್ದೋನು, ಅದೇ ಯುದ್ಧದಲ್ಲಿ ಕಾಲಿಗೆ ಪೆಟ್ಟಾಗಿ ಬಂದೋನು. ಊರೆಸ್ರು ಗೊತ್ತಿದ್ರೂ ಬರಕ್ಕೆ ಧೈರ್ಯ ಬಂದಿರ್ಲಿಲ್ಲವಂತೆ. 'ನಾನು ತಿರ್ಗಿ ಬಂದೆ, ಅವನು ಬರ್ಲಿಲ್ಲ, ಏನ್ ಮುಖ ಇಟ್ಕಂಡು ಬರ್ಲಿ ತಂಗಚ್ಚಿ' ಅಂದ್ನಂತೆ. ಅಮ್ಮ ಏನಂದ್ಲು ಗೊತ್ತಾ? 'ಬನ್ನಿ ಅಣ್ಣ. ನನಗೇನೂ ಏಳ್ಬೇಡಿ, ನನ್ ಮಕ್ಳಿಗೆ ಏಳಿ.'

ಭಾನುವಾರ ಬಂದ. ತಾತ ಜಗುಲಿ ಮೇಲಿದ್ರು. ಅಮ್ಮ ಯಾರು ಅಂತ ಏಳಿದ ತಕ್ಷಣ ತಾತ ಕೈ ಅಡ್ಡ ಇಡಿದ್ರು. 'ನನ್ ಮಗ ಎಂಗೆ ಸತ್ತ ಅಂತ ಏಳಕ್ಕೆ ಬಂದಿದ್ರೆ ಇಂಗೇ ವಾಪಸ್ ಓಗಪ್ಪ.' ಸೆಲ್ವರಾಜು ಮಾಮ ಕಣ್ಣೀರು ಒರೆಸ್ಕಂಡು, 'ಅದುಕ್ಕಲ್ಲ ಐಯಾ. ಅವನು ಎಂಗಿದ್ದ ಅಂತ ಏಳಕ್ಕೆ ಬಂದಿದೀನಿ' ಅಂದ. ತಾತ ಸ್ವಲ್ಪ ಸರ್ಕಂಡು ಜಾಗ ಬಿಟ್ರು.

ಆಮೇಲೆ ಶುರು ಮಾಡ್ದ ನೋಡು. ಅಪ್ಪ ರಜ ಮುಗಿಸಿ ಓಗೋವಾಗೆಲ್ಲ ಟ್ರಂಕಲ್ಲಿ ರಾಗಿ ಇಟ್ಟು ತುಂಬ್ಕಂಡು ಓಗ್ತಿದ್ರಂತೆ, ಚಳೀಲಿ ಎಲ್ಲಾರ್ಗೂ ತಾನೇ ಮುದ್ದೆ ಮಾಡಿ ಆಕ್ತಿದ್ರಂತೆ. ಅಮ್ಮ ಬಾಗಿಲತ್ರ ನಿಂತಿದ್ದೋಳು, 'ಯಾರು, ಅವ್ರಾ? ಮನೇಲಿ ಒಲೆ ಕಡೆ ತಲೆ ಆಕಿ ಮಲಗ್ದೋರಲ್ಲ' ಅಂದ್ಲು. 'ಅಯ್ಯೋ ತಂಗಚ್ಚಿ, ಬರೀ ಗಂಟು. ಕಲ್ಲು ಕಲ್ಲು ನುಂಗ್ದಂಗೆ. ಪಂಜಾಬಿನೋನು ಒಬ್ಬ ಇದ್ದ, ಅವನು ಕೃಷ್ಣಪ್ಪನ್ ಮನಸ್ಸು ನೋಯ್ಬಾರ್ದು ಅಂತ ಕಣ್ಮುಚ್ಚಿ ನುಂಗೋನು' ಅಂದ. ಅಮ್ಮ ನಕ್ಕುಬಿಟ್ಲು. ಸೆರಗು ಬಾಯಿಗೆ ಅಡ್ಡ ಇಟ್ಕಂಡು, ಭುಜ ಎಲ್ಲಾ ಅಲ್ಲಾಡಂಗೆ ನಕ್ಲು. ಅಮ್ಮ ನಗೋದು ನೋಡಿ ಮಂಜ ಎದ್ರುಕಂಡ, ಅವ್ನು ನೋಡೇ ಇರ್ಲಿಲ್ಲ ಪಾಪ.

ಆಮೇಲೆ ಮಂಜ ಮೆಲ್ಲಗೆ ಓಗಿ ಸೆಲ್ವರಾಜು ಮಾಮನ ಮೊಣಕಾಲತ್ರ ನಿಂತ್ಕಂಡ. 'ನಮ್ಮಪ್ಪನಿಗೆ ನಾನು ಗೊತ್ತಿದ್ನಾ?' ಅಂದ.

ಸೆಲ್ವರಾಜು ಮಾಮ ಅವ್ನ ಗಲ್ಲ ಇಡ್ಕಂಡು ಬೆಳಕಿಗೆ ತಿರುಗಿಸಿದ. 'ಗೊತ್ತಿದ್ನಾ ಅಂತ್ಯಾ ನನ್ ಕಣ್ಣೇ? ನೀನು ಉಟ್ಟಿದ್ ಸುದ್ದಿ ಬಂದಾಗ ಬೆಲ್ಲ ಇಡ್ಕಂಡು ಟೆಂಟ್ ಟೆಂಟಿಗೂ ಓಗಿ ಅಂಚಿದ. ಮಗ ಅಮ್ಮನಂಗೆ ಇರ್ಲಿ, ನನ್ ಈ ದಪ್ಪ ಮೂಗು ಒಂದು ಬರ್ದಿದ್ರೆ ಸಾಕು ಅಂತ ದಿನಾ ಅನ್ನೋನು.' ಸ್ವಲ್ಪ ಒತ್ತು ಅವ್ನ ಮುಖಾನೇ ನೋಡಿ, 'ಬಂದ್ಬಿಟ್ಟೈತಲ್ಲೋ ಅದೇ ಮೂಗು' ಅಂದ.

ಆಗ ಜಗುಲಿ ಮೂಲೆಯಿಂದ ತಾತನ ದನಿ ಬಂತು. 'ಬಾರ್ಲಾ ಇಲ್ಲಿ' ಅಂದ್ರು. ಮಂಜ ಅವ್ರತ್ರ ಓದ. ತಾತ ತಮ್ಮ ಒರಟು ಬೆರಳಲ್ಲಿ ಅವ್ನ ಮೂಗನ್ನ ಸವರಿ ಸವರಿ ನೋಡಿದ್ರು. 'ಕೃಷ್ಣಪ್ಪಂದೇ' ಅಂದ್ರು. 'ನಮ್ ಕೃಷ್ಣಪ್ಪಂದೇ ಮೂಗು ಇದು.' ಅಷ್ಟು ವರ್ಷದಾಗೆ ಮೊದಲ್ನೇ ಸಲ ಅವ್ರ ಬಾಯಲ್ಲಿ ಆ ಎಸ್ರು ಬಂದಿದ್ದು. ಮಂಜನ್ನ ಎದೆಗೆ ಅವಚ್ಕಂಡು ಅತ್ರು ನೋಡು, ಒಳ್ಳೇ ಮಗು ಅತ್ತಂಗೆ. ಅಮ್ಮ ಓಗಿ ತಾತನ ಪಕ್ಕ ಕೂತ್ಲು. ಸಾಯಂಕಾಲ ತಾತನೇ ಪೆಟ್ಟಿಗೆ ತೆಗೆದು ಪೋಟೋ ಗೋಡೆಗೆ ಆಕಿದ್ರು.

ಅವತ್ತಿಂದ ತಾತನ ಬಾಯಿ ನಿಲ್ಲಿಸ್ದೋರಿಲ್ಲ ಕಣ್ರೋ. ಅಪ್ಪ ಬಾವಿಗೆ ಬಿದ್ದಿದ್ದು, ಸ್ಕೂಲಿಂದ ಓಡಿ ಬಂದಿದ್ದು, ಮದ್ವೇಲಿ ಚಪ್ಲಿ ಕಳ್ಕಂಡಿದ್ದು, ಏಳಿದ್ದೇ ಏಳೋರು, ನಾವು ಕೇಳಿದ್ದೇ ಕೇಳೋರು. ನಂಗೂ ಅಪ್ಪನ ಮುಖ ವಾಪಸ್ ನೆನಪಿಗೆ ಬಂತು. ಸೆಲ್ವರಾಜು ಮಾಮ ನನ್ ಮದ್ವೇಲಿ ಅಪ್ಪನ ಜಾಗದಲ್ಲಿ ನಿಂತ. ಈಗ ಅವ್ರ್ಯಾರೂ ಇಲ್ಲ. ಅದುಕ್ಕೇ ಏಳೋದು ನಾನು, ನಾಳೆ ನಾನು ತೀರ್ಕಂಡ್ಮೇಲೆ ಮಕ್ಳು ನೊಂದ್ಕಂತಾವೆ ಅಂತ ಯಾರೂ ಬಾಯಿ ಕಟ್ಕಂಡು ಕೂತ್ಕಬೇಡಿ. ನನ್ನ ಬೈಕಳ್ಳಿ, ಆಡ್ಕಳ್ಳಿ, ಆದ್ರೆ ಎಸ್ರಿಡಿದು ಮಾತಾಡಿ. ಅಷ್ಟು ಮಾಡಿದ್ರೆ ಸಾಕು.